ಪೆಟ್ಟು ಅವನಿಗೆ, ಕೈ ಎಳ್ಕೊಳ್ಳೋದು ನಾವು

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಮಧ್ಯಾಹ್ನ ಊಟ ಆದ್ಮೇಲೆ ಮನೆಮಂದಿಯೆಲ್ಲ ಕೂತ್ಕೊಂಡು 'ರಂಬಲ್ ಇನ್ ದಿ ಬ್ರಾಂಕ್ಸ್' ನೋಡಿದ್ವಿ, 1995ರ ಜಾಕಿ ಚಾನ್ ಸಿನಿಮಾ. ನಮ್ಮ ಅಜ್ಜಿಗೆ ಎಂಬತ್ತು ದಾಟಿದೆ, ಇಂಗ್ಲಿಷ್ ಬರಲ್ಲ, ಕಥೆ ಏನು, ಯಾರು ಯಾರಿಗೆ ಏನಾಗ್ಬೇಕು ಒಂದೂ ತಿಳಿದಿರ್ಲಿಲ್ಲ. ಆದ್ರೆ ಪುಂಡರ ಅಡ್ಡಾದಲ್ಲಿ ಆ ದೊಡ್ಡ ಹೊಡೆದಾಟ ಶುರುವಾಯ್ತಲ್ಲ, ಫ್ರಿಜ್ಜು, ತಳ್ಳೋ ಟ್ರಾಲಿ, ಕೈಗೆ ಸಿಕ್ಕಿದ್ದೆಲ್ಲ ಆಯುಧ, ಅಲ್ಲಿಗೆ ಅಜ್ಜಿ ಸುಲೀತಾ ಇದ್ದ ಅವರೆಕಾಯಿನ ಮೊರದಲ್ಲೇ ಬಿಟ್ಟು ಟಿವಿ ಕಡೆ ತಿರುಗಿದ್ರು. ಫ್ರಿಜ್ ಬಾಗಿಲು ಒಬ್ಬನಿಗೆ ಬಡೀತು ನೋಡಿ, ಅಜ್ಜಿ ತಮ್ಮ ಬಲಗೈನ ತಟ್ಟಂತ ಎದೆಗೆ ಎಳ್ಕೊಂಡ್ರು. ಆಮೇಲೆ ನಕ್ರು. ಹಲ್ಲಿಲ್ಲದ ಬಾಯಲ್ಲಿ, ಕಣ್ಣಲ್ಲಿ ನೀರು ಬರೋವಷ್ಟು.

ನನಗೆ ಅವತ್ತಿಂದ ತಲೇಲಿ ಕೂತಿರೋದು ಆ ಕ್ರಮ. ಮೊದಲು ಕೈ, ಆಮೇಲೆ ನಗು. ಈ ತರದ ಸಿನಿಮಾಗಳನ್ನ ಪ್ರಪಂಚದ ಯಾವ ಮೂಲೇಲಿ ಹಾಕಿದ್ರೂ ಜನ ಯಾಕೆ ನಗ್ತಾರೆ ಅನ್ನೋದಕ್ಕೆ ಉತ್ತರ ಆ ಅರ್ಧ ಸೆಕೆಂಡಲ್ಲೇ ಇದೆ ಅಂತ ನನ್ನ ನಂಬಿಕೆ. ಕುಂಗ್‌ಫು ಕಾಮಿಡಿನ ನಾವು ಕಣ್ಣಿಂದ ಅಷ್ಟೇ ಅಲ್ಲ, ಮೈಯಿಂದ ನೋಡ್ತೀವಿ.

ಇಟಲಿಯ ಪಾರ್ಮಾ ಊರಲ್ಲಿ ಜಿಯಾಕೊಮೊ ರಿಜೊಲಾಟಿ ಮತ್ತವರ ತಂಡ 1990ರ ದಶಕದ ಶುರುವಿನಲ್ಲಿ ಮಂಗಗಳ ಮೆದುಳಿನ ಮೇಲೆ ಕೆಲಸ ಮಾಡ್ತಾ ಇದ್ರು. ಮಂಗ ಕೈಚಾಚಿ ಏನನ್ನಾದ್ರೂ ಹಿಡಿದಾಗ ಚುರುಕಾಗೋ ಕೆಲವು ನರಕೋಶಗಳು, ಮಂಗ ಸುಮ್ನೆ ಕೂತು ಇನ್ಯಾರೋ ಹಂಗೆ ಹಿಡಿಯೋದನ್ನ ನೋಡಿದಾಗಲೂ ಚುರುಕಾಗ್ತಾ ಇದ್ವು. ಅವನ್ನೇ ಮಿರರ್ ನ್ಯೂರಾನ್ ಅಂತ ಕರೆದ್ರು. ಆಮೇಲೆ ಇದರ ಮೇಲೆ ಬೇಕಾದ್ದು ಬೇಡದ್ದು ಎಲ್ಲ ಕಟ್ಟಿದ್ರು, ಕರುಣೆ ಭಾಷೆ ಎಲ್ಲಾ ಇದರಿಂದಲೇ ಅಂತ, ಅಷ್ಟು ದೂರ ಹೋಗೋದು ನನಗಂತೂ ಒಪ್ಪಿಗೆ ಇಲ್ಲ. ಆದ್ರೆ ಒಂದು ಮಾತು ಗಟ್ಟಿ, ಬೇರೆಯವರ ಚಲನೆ ನೋಡೋವಾಗ ನಮ್ಮ ಮೆದುಳು ನಮ್ಮದೇ ಚಲನೆಯ ಲೆಕ್ಕಪುಸ್ತಕ ತೆಗೆದು ನೋಡುತ್ತೆ. 2005ರಲ್ಲಿ ಲಂಡನ್‌ನಲ್ಲಿ ಒಂದು ಪ್ರಯೋಗ ಆಯ್ತು, ಬ್ಯಾಲೆ ಕಲಿತವರು ಮತ್ತು ಬ್ರೆಜಿಲ್‌ನ ಕಪೋಯೆರಾ ಅನ್ನೋ ಕಾದಾಟದ ಕುಣಿತ ಕಲಿತವರು, ಇಬ್ರಿಗೂ ಎರಡೂ ತರದ ವಿಡಿಯೋ ತೋರಿಸಿ ಮೆದುಳು ಸ್ಕ್ಯಾನ್ ಮಾಡಿದ್ರೆ, ಅವರವರು ಕಲಿತ ವಿದ್ಯೆ ನೋಡಿದಾಗಲೇ ಚಲನೆಗೆ ಸಂಬಂಧಪಟ್ಟ ಭಾಗಗಳು ಹೆಚ್ಚು ಕೆಲಸ ಮಾಡಿದ್ವು. ಅಂದ್ರೆ ಮೈಗೆ ಗೊತ್ತಿರೋದು ಕಣ್ಣಿಗೂ ಚೆನ್ನಾಗಿ ಕಾಣುತ್ತೆ.

ಈಗ ನಮ್ಮ ಫ್ರಿಜ್ಜಿಗೆ ಬನ್ನಿ. ಕುಂಗ್‌ಫುಗೆ ಹೆಸರಾದ ಚೀನಾದ ಶಾವೊಲಿನ್ ಮಠದ ಒದೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಅಜ್ಜಿಗಂತೂ ಇಲ್ಲವೇ ಇಲ್ಲ. ಆದ್ರೆ ಬಾಗಿಲ ಸಂದಿಗೆ ಬೆರಳು ಸಿಕ್ಕಿಸ್ಕೊಂಡ ನೋವು ಯಾರಿಗೆ ಗೊತ್ತಿಲ್ಲ ಹೇಳಿ! ಏಣಿ, ಕುರ್ಚಿ, ಬೆಂಚು, ಕೊಡೆ, ಟ್ರಾಲಿ, ಇವೆಲ್ಲ ದಿನಾ ಕೈಗೆ ಸಿಗೋ ಸಾಮಾನುಗಳು, ಅವುಗಳ ತೂಕ, ಅಂಚು, ಅವು ಎಲ್ಲಿ ಕಚ್ಚುತ್ತೆ ಅನ್ನೋದು ನಮ್ಮ ಮೈಗೆ ಬಾಯಿಪಾಠ. 1996ರ 'ಫಸ್ಟ್ ಸ್ಟ್ರೈಕ್' ಸಿನಿಮಾದಲ್ಲಿ ಜಾಕಿ ಒಂದು ಅಲ್ಯೂಮಿನಿಯಂ ಏಣಿ ಹಿಡ್ಕೊಂಡು ಕಾದಾಡ್ತಾನೆ, ಮೆಟ್ಟಿಲ ಸಂದೀಲಿ ನುಸುಳ್ತಾನೆ, ಏಣಿನ ಗಿರಗಿರ ತಿರುಗಿಸ್ತಾನೆ, ನೋಡ್ತಾ ನೋಡ್ತಾ ಏಣಿ ಅವನ ಮೂರನೇ ಕೈ ಆಗ್ಬಿಡುತ್ತೆ. ಕಾಕತಾಳೀಯ ನೋಡಿ, ಅದೇ 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ತಂಡ, ಒಂದು ಕುಂಟೆ ಹಿಡಿದು ದೂರದ ತಿಂಡಿ ಎಳ್ಕೊಳ್ಳೋಕೆ ಮಂಗಗಳಿಗೆ ಕಲಿಸಿ, ಕೈಯ ಸುತ್ತಲ ಜಾಗವನ್ನ ಕಾಯೋ ನರಕೋಶಗಳು ಕುಂಟೆಯ ತುದಿವರೆಗೂ ತಮ್ಮ ಗಡಿ ಹಿಗ್ಗಿಸ್ಕೊಳ್ತವೆ ಅಂತ ತೋರಿಸಿತ್ತು. ಉಪಕರಣ ಮೈಗೆ ಸೇರ್ಕೊಳ್ಳೋದು ಅಂದ್ರೆ ಇದೇ.

ನೋವಿನ ವಿಷಯಕ್ಕೆ ಬಂದ್ರೆ, 2004ರಲ್ಲಿ ಟಾನಿಯಾ ಸಿಂಗರ್ ಅನ್ನೋ ವಿಜ್ಞಾನಿ ಲಂಡನ್‌ನಲ್ಲಿ ಜೋಡಿಗಳನ್ನ ಕರೆಸಿ, ಹೆಂಗಸಿನ ಮೆದುಳು ಸ್ಕ್ಯಾನ್ ಮಾಡ್ತಾ ಪಕ್ಕದಲ್ಲಿ ಕೂತ ಅವಳ ಸಂಗಾತಿಯ ಕೈಗೆ ಸಣ್ಣ ಶಾಕ್ ಕೊಟ್ರು. ಅವಳಿಗೇ ಶಾಕ್ ಕೊಟ್ಟಾಗ ಏಳೋ ಭಾಗಗಳಲ್ಲಿ ಒಂದಷ್ಟು, ಅವನಿಗೆ ಕೊಟ್ಟಾಗಲೂ ಎದ್ವು. ಯಾವುದು? ನೋವಿನ ಸಂಕಟ ಇದೆಯಲ್ಲ, ಆ ಭಾಗ. ಪೆಟ್ಟು ಎಲ್ಲಿ ಬಿತ್ತು ಎಷ್ಟು ಜೋರಾಗಿ ಬಿತ್ತು ಅಂತ ಗುರುತಿಸೋ ಭಾಗ ಮಾತ್ರ ಸುಮ್ನಿತ್ತು. ಹಂಗಾಗಿ ತೆರೆ ಮೇಲಿನ ಪೆಟ್ಟು ನಮಗೆ ಅರ್ಧ ಬೀಳುತ್ತೆ, ಉರಿ ಇಲ್ಲ, ಉಫ್ ಮಾತ್ರ ಇದೆ.

ಬ್ರೂಸ್ ಲೀಗೂ ಜಾಕಿಗೂ ಇರೋ ವ್ಯತ್ಯಾಸ ಇಲ್ಲೇ. ಬ್ರೂಸ್ ಲೀ 1973ರ ಜುಲೈನಲ್ಲಿ ತೀರ್ಕೊಂಡ, ಆಮೇಲೆ ಹಾಂಗ್‌ಕಾಂಗ್ ನಿರ್ಮಾಪಕರು ಅವನಂಥ ಇನ್ನೊಬ್ಬನನ್ನ ಹುಡುಕಿದ್ದೇ ಹುಡುಕಿದ್ದು, ಜಾಕಿಗೂ ಅದೇ ಸಿಟ್ಟಿನ ಮುಖ ಹಾಕಿಸಿ ಒಂದಷ್ಟು ಸಿನಿಮಾ ತೆಗೆದ್ರು, ಓಡಲಿಲ್ಲ. 1978ರಲ್ಲಿ ಯುಯೆನ್ ವೂ-ಪಿಂಗ್ ನಿರ್ದೇಶನದ 'ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೋ' ಮತ್ತು 'ಡ್ರಂಕನ್ ಮಾಸ್ಟರ್' ಬಂದ್ಮೇಲೆ ಎಲ್ಲಾ ತಿರುಗಿತು. ಇದರಲ್ಲಿ ಹೀರೋ ಪೆಟ್ಟು ತಿಂತಾನೆ, ಓಡಿ ಹೋಗ್ತಾನೆ, ಗುದ್ದಿದ್ಮೇಲೆ ತನ್ನ ಮುಷ್ಟಿನೇ ನೋಯ್ತು ಅಂತ ಕೈ ಕೊಡವ್ಕೊಳ್ತಾನೆ. ಆ ಕೈ ಕೊಡವೋದು ಸಣ್ಣ ವಿಷಯ ಅನ್ಕೋಬೇಡಿ. ಬ್ರೂಸ್ ಲೀ ಮೈ ಕಬ್ಬಿಣ, ಅದನ್ನ ನೋಡಿ ಬೆರಗಾಗ್ತೀವಿ, ಆದ್ರೆ ನಮ್ಮ ಮೈಗೂ ಅದಕ್ಕೂ ತಾಳೆ ಆಗಲ್ಲ. ಜಾಕಿ ಕೈ ಕೊಡವಿದ ತಕ್ಷಣ ಇದು ನಮ್ಮಂಥದ್ದೇ ಮೈ ಅಂತ ಗೊತ್ತಾಗುತ್ತೆ.

ಸರಿ, ಸಂಕಟ ಆಯ್ತು, ನಗು ಯಾಕೆ? 2010ರಲ್ಲಿ ಅಮೆರಿಕದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರನ್ ಒಂದು ವಾದ ಮುಂದಿಟ್ರು. ಏನೋ ಎಡವಟ್ಟಾಯ್ತು ಅನ್ನಿಸ್ಬೇಕು, ಅದೇ ಹೊತ್ತಿಗೆ ಪರವಾಗಿಲ್ಲ ಏನೂ ಆಗಿಲ್ಲ ಅಂತಲೂ ಅನ್ನಿಸ್ಬೇಕು, ಎರಡೂ ಒಟ್ಟಿಗೆ ಬಂದಾಗ ನಗು ಬರುತ್ತೆ. ಎಡವಟ್ಟು ಮಾತ್ರ ಇದ್ರೆ ಗಾಬರಿ, ಪರವಾಗಿಲ್ಲ ಮಾತ್ರ ಇದ್ರೆ ಆಕಳಿಕೆ. ಇದು ಮನುಷ್ಯರಿಗಿಂತ ಹಳೇದು ಅಂತ ನನಗೆ ಅನ್ಸುತ್ತೆ, ಯಾಕಂದ್ರೆ ಚಿಂಪಾಂಜಿ ಮರಿಗಳು ಕುಸ್ತಿ ಆಡೋವಾಗ ಬಾಯಿ ಸಡಿಲ ಬಿಟ್ಟು ಒಂದು ಆಟದ ಮುಖ ಮಾಡ್ತವೆ, ಏದುಸಿರಿನ ಶಬ್ದ ಮಾಡ್ತವೆ, ಕಚ್ಚೋದು ನಿಜದ ಕಚ್ಚೋದಲ್ಲ ಅಂತ ಹೇಳೋಕೆ. ಯಾಕ್ ಪ್ಯಾಂಕ್ಸೆಪ್ ಅನ್ನೋ ವಿಜ್ಞಾನಿ ಇಲಿಗಳಿಗೆ ಕಚಗುಳಿ ಇಟ್ಟಾಗ ಅವು 50 ಕಿಲೋಹರ್ಟ್ಸ್ ಸುಮಾರಿಗೆ ಚಿಲಿಪಿಲಿ ಅನ್ನೋದನ್ನ ಹಿಡಿದ್ರು, ನಮ್ಮ ಕಿವಿ 20ರ ಮೇಲೆ ಕೇಳಲ್ಲ ಹಂಗಾಗಿ ಯಂತ್ರ ಬೇಕಾಯ್ತು. ಇಲಿಗಳು ತಮ್ಮತಮ್ಮಲ್ಲಿ ಉರುಳಾಡಿ ಕಿತ್ತಾಡೋವಾಗಲೂ ಅದೇ ಶಬ್ದ. ಕಿತ್ತಾಟಕ್ಕೂ ನಗುವಿಗೂ ಅಷ್ಟು ಹಳೇ ನಂಟು.

ಹಾಗಾದ್ರೆ ಸಿನಿಮಾದವರ ಕೆಲಸ ಏನಪ್ಪಾ ಅಂದ್ರೆ, ಪೆಟ್ಟು ನಿಜ ಅಂತ ಮೈಗೆ ನಂಬಿಸ್ಬೇಕು, ಏನೂ ಆಗಿಲ್ಲ ಅಂತಲೂ ಮೈಗೆ ನಂಬಿಸ್ಬೇಕು, ಅದೂ ಒಂದೇ ಸೆಕೆಂಡಿನ ಒಳಗೆ. ಇಲ್ಲಿ ಶಬ್ದದ ಪಾತ್ರ ತುಂಬಾ ದೊಡ್ಡದು. ಹಳೇ ಇಟಲಿಯ ನಾಟಕಗಳಲ್ಲಿ ವಿದೂಷಕನ ಕೈಯಲ್ಲಿ ಎರಡು ಪಟ್ಟಿ ಸೇರಿಸಿದ ಒಂದು ಕೋಲು ಇರ್ತಿತ್ತು, ಮೆಲ್ಲಗೆ ತಟ್ಟಿದ್ರೂ ಪಟಾರ್ ಅಂತ ಸದ್ದು ಬರೋದು, ಬಿದ್ದು ಎದ್ದು ಪೆಟ್ಟು ತಿಂದು ನಗಿಸೋ ಹಾಸ್ಯಕ್ಕೆ ಸ್ಲ್ಯಾಪ್‌ಸ್ಟಿಕ್ ಅನ್ನೋ ಹೆಸರು ಬಂದಿದ್ದೇ ಆ ಕೋಲಿನಿಂದ. 1997ರ ಒಂದು ಪ್ರಯೋಗ ಹೇಳ್ತೀನಿ, ಇದು ನನಗೆ ಬಹಳ ಇಷ್ಟ. ಕಂಪ್ಯೂಟರ್ ತೆರೆ ಮೇಲೆ ಎರಡು ಚುಕ್ಕಿ ಎದುರುಬದುರಾಗಿ ಬಂದು ಒಂದನ್ನೊಂದು ದಾಟಿ ಹೋಗ್ತವೆ, ನೋಡಿದವರು ದಾಟಿ ಹೋದ್ವು ಅಂತಲೇ ಹೇಳ್ತಾರೆ. ಅದೇ ದೃಶ್ಯಕ್ಕೆ, ಅವು ಸೇರೋ ಕ್ಷಣಕ್ಕೆ ಸರಿಯಾಗಿ ಒಂದು ಟಕ್ ಅಂತ ಸದ್ದು ಸೇರಿಸಿದ್ರೆ, ಡಿಕ್ಕಿ ಹೊಡೆದು ವಾಪಸ್ ಹೋದ್ವು ಅಂತ ತುಂಬಾ ಜನಕ್ಕೆ ಕಾಣುತ್ತೆ! ಚುಕ್ಕಿಗಳು ಮಾಡಿದ್ದು ಒಂದೇ ಕೆಲಸ, ಕಿವಿ ಕಣ್ಣಿನ ತೀರ್ಪನ್ನೇ ಬದಲಾಯಿಸಿತು. ಮುಖಕ್ಕೆ ತಾಗದೇ ಪಕ್ಕದಲ್ಲಿ ಹೋದ ಮುಷ್ಟಿ ನಮಗೆ ತಾಗಿದಂಗೆ ಕಾಣೋದರಲ್ಲಿ ಇದರ ಪಾಲು ಎಷ್ಟಿದೆ ನೋಡಿ. ಟಿವಿ ಮ್ಯೂಟ್ ಮಾಡಿ ಒಂದ್ಸಲ ಫೈಟ್ ನೋಡಿ, ಪೆಟ್ಟಿನ ಜೀವವೇ ಹೋಗುತ್ತೆ.

ಇನ್ನು ಎಡಿಟಿಂಗ್. ನಾನು ಒಂದು ರಾತ್ರಿ ಮೊಬೈಲಲ್ಲಿ 1985ರ 'ಪೊಲೀಸ್ ಸ್ಟೋರಿ'ಯ ಶಾಪಿಂಗ್ ಮಾಲ್ ಫೈಟ್ ನಿಲ್ಲಿಸಿ ನಿಲ್ಲಿಸಿ ನೋಡ್ದೆ (ನಮ್ಮ ಸಾಯಿಕುಮಾರ್ ಪೊಲೀಸ್ ಸ್ಟೋರಿ ಅಲ್ಲ, ಅದು 1996ರದ್ದು, ಅದೂ ಮೈ ನವಿರೇಳಿಸೋ ಸಿನಿಮಾನೇ). ಹಾಂಗ್‌ಕಾಂಗ್‌ನವರದ್ದು ಒಂದು ಕೈಚಳಕ ಇದೆ. ದೂರದ ಶಾಟಲ್ಲಿ ಒದೆ ಬೀಳುತ್ತೆ, ಕಟ್ ಆಗಿ ಹತ್ತಿರದ ಶಾಟ್ ಬಂದಾಗ ಆ ಒದೆಯ ಕೊನೆಯ ಮೂರ್ನಾಲ್ಕು ಫ್ರೇಮಿನಷ್ಟು ಚಲನೆಯನ್ನ ಮತ್ತೆ ತೋರಿಸ್ತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದ್ರೆ 24 ನಿಂತ ಚಿತ್ರ ಓಡುತ್ತೆ, ಹಂಗಾಗಿ ಇದು ಒಂದು ಸೆಕೆಂಡಿನ ಆರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಕಟ್ ಆದಾಗ ಕಣ್ಣು ಹೊಸ ಜಾಗ ಹುಡುಕೋಕೆ ಇಷ್ಟು ಹೊತ್ತು ಬೇಕೇ ಬೇಕು, ಆ ಸಮಯವನ್ನ ಅವರು ಸಾಲ ಕೊಡ್ತಾರೆ ಅಷ್ಟೇ, ಹಂಗಾಗಿ ಪೆಟ್ಟು ಎರಡು ಸಲ ಬಿತ್ತು ಅಂತ ಯಾರಿಗೂ ಅನ್ಸಲ್ಲ, ಜೋರಾಗಿ ಬಿತ್ತು ಅನ್ಸುತ್ತೆ. ಇನ್ನೊಂದು, ಹೊಡೆದಾಟವನ್ನ ಸೆಕೆಂಡಿಗೆ 22 ಫ್ರೇಮ್ ತೆಗೆದು 24ರಲ್ಲಿ ಓಡಿಸಿದ್ರೆ ಶೇಕಡಾ 9ರಷ್ಟು ವೇಗ ಸಿಗುತ್ತೆ. ಡೇವಿಡ್ ಬೋರ್ಡ್‌ವೆಲ್ ಅನ್ನೋ ಸಿನಿಮಾ ವಿದ್ವಾಂಸರು ಗಮನಿಸಿದ್ದು ಇದರ ತಾಳ, ಒಂದು ನಿಲುಗಡೆ, ಆಮೇಲೆ ಬಿರುಸು, ಮತ್ತೆ ನಿಲುಗಡೆ. ಇದು ಬಂದಿದ್ದು ಪೀಕಿಂಗ್ ಒಪೆರಾ ಅನ್ನೋ ಚೀನಾದ ಹಾಡು, ಲಾಗ, ಕಾದಾಟದ ನಾಟಕದಿಂದ. ಜಾಕಿ, ಅವನ ಜೊತೆಯ ಫೈಟಿಂಗ್ ನಟರಾದ ಸಾಮೊ ಹಂಗ್, ಯುಯೆನ್ ಬಿಯಾವ್ ಮೂವರೂ ಸಣ್ಣವರಿದ್ದಾಗ ಹಾಂಗ್‌ಕಾಂಗ್‌ನಲ್ಲಿ ಯು ಜಿಮ್-ಯುಯೆನ್ ಅನ್ನೋ ಗುರುಗಳ ಒಪೆರಾ ಶಾಲೇಲಿ ವರ್ಷಗಟ್ಟಲೆ ಲಾಗ, ಪಲ್ಟಿ, ಹಾಡು, ಕತ್ತಿವರಸೆ ಕಲಿತವರು, ಜಾಗಟೆ ಪೆಟ್ಟಿಗೆ ಸರಿಯಾಗಿ ಮೈ ನಿಲ್ಲಿಸೋದು ಅಲ್ಲಿಯ ಪಾಠ. ಯಕ್ಷಗಾನದಲ್ಲಿ ಚೆಂಡೆ ಪೆಟ್ಟಿಗೆ ವೇಷ ಗಕ್ಕಂತ ನಿಂತಾಗ ಎದೆ ಝಲ್ ಅನ್ನುತ್ತಲ್ಲ, ಅದನ್ನ ಕಂಡವರಿಗೆ ಈ ತಾಳ ವಿವರಿಸೋದೇ ಬೇಡ.

ಆದ್ರೆ ಶಬ್ದ ಎಡಿಟಿಂಗ್ ಎಲ್ಲದಕ್ಕಿಂತ ದೊಡ್ಡದು ಇಡೀ ಮೈ ತೋರಿಸೋದು. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಕತ್ತಲಲ್ಲಿ ಮನುಷ್ಯರ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕಿ ಅಂಟಿಸಿ ನಡೆಸಿದ್ರು. ನಿಂತಾಗ ಏನೂ ತಿಳಿಯಲ್ಲ, ಎರಡು ಹೆಜ್ಜೆ ಇಡೋದರೊಳಗೆ ಇದು ಮನುಷ್ಯ ಅಂತ ಗೊತ್ತಾಗಿಬಿಡುತ್ತೆ. ಇಷ್ಟು ಚುರುಕಾದ ಕಣ್ಣಿಗೆ ತಲೆಯಿಂದ ಕಾಲಿನವರೆಗೆ ಒಂದೇ ಶಾಟಲ್ಲಿ ತೋರಿಸಿದ್ರೆ ತೂಕ ಎಲ್ಲಿ ಜಾರಿತು, ಹೆಂಗೆ ಸಾವರಿಸಿದ ಎಲ್ಲಾ ಓದ್ಕೊಳ್ಳುತ್ತೆ. ಈಗಿನ ಎಷ್ಟೋ ಆಕ್ಷನ್ ಸಿನಿಮಾಗಳಲ್ಲಿ ಕ್ಯಾಮೆರಾ ಅಲ್ಲಾಡಿಸಿ ಸೆಕೆಂಡಿಗೊಂದು ಕಟ್ ಮಾಡಿದಾಗ ನಗುನೂ ಇಲ್ಲ ಭಯನೂ ಇಲ್ಲ ಅನ್ನೋ ಹಂಗಾಗೋದು ಇದಕ್ಕೇ, ಓದೋಕೆ ಮೈಯೇ ಸಿಗಲ್ಲ.

1983ರ 'ಪ್ರಾಜೆಕ್ಟ್ ಎ' ನೋಡಿ. ಜಾಕಿ ಗಡಿಯಾರ ಗೋಪುರದ ಮುಳ್ಳಿಗೆ ಜೋತಾಡ್ತಾನೆ, 1923ರಲ್ಲಿ ಮೂಕಿ ಸಿನಿಮಾದ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಗಡಿಯಾರಕ್ಕೆ ಜೋತಾಡಿದ್ದಕ್ಕೆ ಕೈಮುಗಿದ ಹಾಗೆ. ಕೈ ಸೋತು ಬೀಳ್ತಾನೆ, ಬಿಸಿಲಿಗೆ ಕಟ್ಟಿದ ಒಂದು ಬಟ್ಟೆಯ ಮರೆ ಹರಿಯುತ್ತೆ, ಇನ್ನೊಂದು ಹರಿಯುತ್ತೆ, ನೆಲ. ಲೆಕ್ಕಕ್ಕೆ 15 ಮೀಟರ್ ಅಂತ ಇಟ್ಕೊಳ್ಳಿ, ಅಡ್ಡ ಏನೂ ಇಲ್ಲದೆ ಬಿದ್ರೆ ನೆಲ ಮುಟ್ಟೋವಾಗ ವೇಗ ಗಂಟೆಗೆ 62 ಕಿಲೋಮೀಟರ್, ಬೈಕಿಂದ ಎಸೆದ ಹಾಗೆ. ಐದೈದು ಮೀಟರಿಗೆ ಒಂದು ಬಟ್ಟೆ ಪೂರ್ತಿ ತಡೆದು ಬಿಟ್ರೆ ಕೊನೆಗೆ ಗಂಟೆಗೆ 36 ಕಿಲೋಮೀಟರ್, ಪೆಟ್ಟಿನ ಶಕ್ತಿ ಮೂರನೇ ಒಂದು ಪಾಲು. ನಿಜದಲ್ಲಿ ಬಟ್ಟೆ ಅಷ್ಟು ತಡೆಯಲ್ಲ, ಹರಿದೇ ಹೋಗುತ್ತೆ, ಅದಕ್ಕೇ ಆ ದೃಶ್ಯ ನೋಡಿದಾಗೆಲ್ಲ ನನ್ನ ಹೊಟ್ಟೇಲಿ ಏನೋ ಕಲಸಿದಂಗಾಗುತ್ತೆ. ಬಟ್ಟೆ ಹರಿಯೋ ಪ್ರತಿ ಸಲವೂ ನಮ್ಮ ಮೈ ಒಂದು ಲೆಕ್ಕ ಹಾಕುತ್ತೆ, ಸತ್ತ, ಇಲ್ಲ ಬದುಕಿದ, ಸತ್ತ, ಇಲ್ಲ ಬದುಕಿದ. ಆ ಉಯ್ಯಾಲೆಯೇ ನಗು.

ನಮ್ಮ ಹಂಪಿಗೂ ಬಂದಿದ್ದ ಜಾಕಿ, 2005ರ 'ದಿ ಮಿಥ್' ಸಿನಿಮಾ ಶೂಟಿಂಗಿಗೆ. ಆ ಸಿನಿಮಾದಲ್ಲಿ ಅಂಟು ಬಳಿದ ಕನ್ವೇಯರ್ ಬೆಲ್ಟ್ ಮೇಲೆ ಒಂದು ಫೈಟ್ ಇದೆ, ಮಲ್ಲಿಕಾ ಶೆರಾವತ್ ಜೊತೆ, ಕಾಲು ಕೀಳೋಕೆ ಆಗಲ್ಲ, ನಿಂತಲ್ಲೇ ಕಾದಾಡ್ಬೇಕು. ಚಪ್ಪಲಿ ಕೆಸರಲ್ಲಿ ಹೂತು ಕಾಲು ಮಾತ್ರ ಮೇಲೆ ಬಂದ ಅನುಭವ ಇರೋರಿಗೆ ಆ ದೃಶ್ಯಕ್ಕೆ ಸಬ್‌ಟೈಟಲ್ ಬೇಡ.

ಇನ್ನೊಂದು ವಿಷಯ, ಇದನ್ನ ಒಬ್ರೇ ನೋಡಿದ್ರೆ ಮಜಾ ಅರ್ಧ. ರಾಬರ್ಟ್ ಪ್ರೊವೈನ್ ಅನ್ನೋ ಸಂಶೋಧಕರ ಲೆಕ್ಕದಲ್ಲಿ ಜನ ಒಂಟಿ ಇದ್ದಾಗಿಗಿಂತ ಜೊತೇಲಿದ್ದಾಗ 30 ಪಟ್ಟು ಹೆಚ್ಚು ನಗ್ತಾರೆ. ರಾಬಿನ್ ಡನ್ಬಾರ್ ತಂಡ 2011ರಲ್ಲಿ ಕಾಮಿಡಿ ನೋಡಿ ಗಟ್ಟಿಯಾಗಿ ನಕ್ಕವರಿಗೆ ನೋವು ತಡೆಯೋ ಶಕ್ತಿ ಜಾಸ್ತಿ ಆಗೋದನ್ನ ಅಳೆದು ತೋರಿಸಿತು, ಕಾರಣ ಎಂಡಾರ್ಫಿನ್ ಅನ್ನೋ, ನೋವು ತಗ್ಗಿಸೋ ಮೈಯೊಳಗಿನ ರಾಸಾಯನಿಕ ಅಂತ ಅವರ ವಾದ. 2017ರಲ್ಲಿ ಫಿನ್ಲೆಂಡ್‌ನವರು ಗೆಳೆಯರ ಜೊತೆ ನಕ್ಕವರ ಮೆದುಳು ಸ್ಕ್ಯಾನ್ ಮಾಡಿ, ಅಫೀಮಿನಂಥ ನಮ್ಮ ಮೈಯದೇ ರಾಸಾಯನಿಕ ಬಿಡುಗಡೆ ಆಗೋದನ್ನ ನೋಡಿದ್ರು. ಯಾರೋ ನೋವು ತಿನ್ನೋದನ್ನ ನೋಡ್ತಾ ನಮ್ಮ ನೋವು ಕಡಿಮೆ ಆಗೋದು, ಎಂಥಾ ವಿಚಿತ್ರ ವ್ಯಾಪಾರ.

ಆ ಯಾರೋ ಅನ್ನೋನಿಗೆ ನಿಜಕ್ಕೂ ನೋವಾಗುತ್ತೆ, ಅದನ್ನ ಮರೆಯೋಕೆ ನನಗೆ ಆಗಲ್ಲ. 1986ರಲ್ಲಿ ಯುಗೊಸ್ಲಾವಿಯಾದಲ್ಲಿ 'ಆರ್ಮರ್ ಆಫ್ ಗಾಡ್' ಶೂಟಿಂಗ್ ವೇಳೆ ಜಾಕಿ ಮರದಿಂದ ಬಿದ್ದು ತಲೆಬುರುಡೆ ಒಡೆದು ಆಪರೇಷನ್ ಆಯ್ತು. ಸಿನಿಮಾ ಕೊನೇಲಿ ಹೆಸರು ಓಡೋವಾಗ ತಪ್ಪಿದ ಶಾಟ್‌ಗಳನ್ನೂ ತೋರಿಸೋದು ಅವನ ಪದ್ಧತಿ, 'ರಂಬಲ್ ಇನ್ ದಿ ಬ್ರಾಂಕ್ಸ್'ನಲ್ಲೂ ಇದೆ. ಹೋವರ್‌ಕ್ರಾಫ್ಟ್ (ನೀರು ನೆಲ ಎರಡರ ಮೇಲೂ ಗಾಳಿಯ ಬಲದಲ್ಲಿ ತೇಲಿ ಓಡೋ ವಾಹನ) ಮೇಲೆ ಹಾರಿದಾಗ ಅವನ ಪಾದದ ಗಂಟು ಮುರಿದಿತ್ತು, ಪ್ಲಾಸ್ಟರ್ ಹಾಕಿದ ಕಾಲಿಗೆ ಶೂ ತರ ಬಣ್ಣ ಬಳಿದ ಕಾಲುಚೀಲ ಹಾಕ್ಕೊಂಡು ಉಳಿದ ಶೂಟಿಂಗ್ ಮುಗಿಸಿದ.

ಅವತ್ತು ಆ ದೃಶ್ಯಗಳು ಬಂದಾಗ ಅಜ್ಜಿ ನಗು ನಿಂತೇ ಹೋಯ್ತು. ಇದು ಆಟ ಅಲ್ಲ ಅಂತ ಯಾರೂ ಅವರಿಗೆ ಹೇಳಿರ್ಲಿಲ್ಲ. ಪಾಪ ಯಾರ ಮಗನೋ, ಅಂದ್ರು, ತಮ್ಮ ಕಾಲಿನ ಗಂಟು ಸವರ್ಕೊಂಡ್ರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು, ಕಾಲು ಸರಿಹೋಯ್ತಂತಾ ಅವನಿಗೆ?

ಹೋಯ್ತು ಅಜ್ಜಿ, ಆಮೇಲೆ ಎಷ್ಟೋ ಸಿನಿಮಾ ಮಾಡಿದಾನೆ, ಅಂದೆ.

ಹಂಗಾದ್ರೆ ಆ ಫ್ರಿಜ್ಜಿಂದು ಇನ್ನೊಂದ್ಸಲ ಹಾಕು, ಅಂದ್ರು.