ಪಾಗಾರದ ಬುಡದ ಹೂವು, ನಾಯಿಯ ಕ್ಯಾನ್ಸರಿಗೆ ಮದ್ದು

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕ, ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ಮುರಕಲ್ಲಿನ ಪಾಗಾರಗಳ ಬುಡದಲ್ಲಿ, ಯಾರೂ ನೀರೆರೆಯದಿದ್ದರೂ ವರ್ಷವಿಡೀ ಹೂ ಬಿಡುವ ಗಿಡವೊಂದಿದೆ. ಕನ್ನಡದಲ್ಲಿ ಅದು ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆ, ಮಲಯಾಳದಲ್ಲಿ ನಿತ್ಯಕಲ್ಯಾಣಿ. ಹಸುವೂ ಬಾಯಿ ಹಾಕದ ಈ ಗಿಡದ ಎಲೆಯಲ್ಲಿರುವ ವಿನ್‌ಕ್ರಿಸ್ಟೀನ್ ಎಂಬ ಸಸ್ಯಕ್ಷಾರವನ್ನೇ, ನಮ್ಮ ತೋಟ ಕಾಯುವ ನಾಯಿಗೆ ಕ್ಯಾನ್ಸರ್ ಗೆಡ್ಡೆ ಬಂದಾಗ ಮೃಗಾಸ್ಪತ್ರೆಯಲ್ಲಿ ವಾರಕ್ಕೊಮ್ಮೆ ರಕ್ತನಾಳಕ್ಕೆ ಚುಚ್ಚಿದರು. ಸುದ್ದಿ ಕೇಳಿದ ನೆರೆಯವರು, "ನಾಯಿಗೂ ಕೀಮೋ ಕೊಟ್ಟು ನರಳಿಸುವುದು ಯಾಕೆ ಮಾರಾಯರೇ?" ಎಂದು ನಿಜವಾದ ಕನಿಕರದಿಂದಲೇ ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿ ಕೂದಲು ಕಳೆದುಕೊಂಡು ಮರಳಿದ ಬಂಧುಗಳ ಚಿತ್ರ. ಅವರ ಪ್ರಶ್ನೆಗೆ ಉತ್ತರ ಬೇಕಾದರೆ, ಮದ್ದು ಜೀವಕೋಶದೊಳಗೆ ಮಾಡುವ ಕೆಲಸವೇನೆಂದು ಮೊದಲು ತಿಳಿಯಬೇಕು.

ನಮ್ಮ ನಾಯಿಗೆ ಬಂದದ್ದು ಬೀದಿನಾಯಿಗಳಲ್ಲಿ ಸಾಮಾನ್ಯವಾಗಿರುವ, ಬೆದೆಯ ಕಾಲದ ಕೂಡುವಿಕೆಯಿಂದ ಹರಡುವ ಜನನಾಂಗದ ಗೆಡ್ಡೆ. ಇದು ಬಹಳ ವಿಚಿತ್ರವಾದ ಕ್ಯಾನ್ಸರ್. ಸಾಮಾನ್ಯವಾಗಿ ಕ್ಯಾನ್ಸರುಗಳು ಆಯಾ ಪ್ರಾಣಿಯ ಸ್ವಂತ ಜೀವಕೋಶಗಳಿಂದಲೇ ಹುಟ್ಟುತ್ತವೆ. ಇಲ್ಲಿ ಹಾಗಲ್ಲ, ಕ್ಯಾನ್ಸರ್ ಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿ ಬೇರೂರುತ್ತವೆ. ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಈ ಗೆಡ್ಡೆಯ ಕೋಶದಲ್ಲಿರುವುದು 60ರ ಆಸುಪಾಸಿನಷ್ಟು ಮಾತ್ರ. ರಷ್ಯಾದ ಪಶುವೈದ್ಯ ನೋವಿನ್‌ಸ್ಕಿ 1876ರಲ್ಲಿಯೇ ಇದನ್ನು ನಾಯಿಯಿಂದ ನಾಯಿಗೆ ಕಸಿ ಮಾಡಿ ತೋರಿಸಿದ್ದರು. 2019ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನದ ಅಂದಾಜಿನಂತೆ, ಜಗತ್ತಿನಲ್ಲಿ ಇಂದಿರುವ ಇಂಥ ಗೆಡ್ಡೆಗಳೆಲ್ಲ 4,000ದಿಂದ 8,500 ವರ್ಷಗಳ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ಒಂದು ನಾಯಿಯ ಕೋಶದ ಸಂತಾನ. ಇಷ್ಟು ಕಾಲ ಸಾಯದೆ ಉಳಿದ ಈ ಕೋಶವಂಶ ವಿನ್‌ಕ್ರಿಸ್ಟೀನಿನ ಮೂರರಿಂದ ಆರು ಚುಚ್ಚುಮದ್ದಿಗೆ ಹೆಚ್ಚಿನ ನಾಯಿಗಳಲ್ಲಿ ಪೂರ್ತಿಯಾಗಿ ಕರಗಿಹೋಗುತ್ತದೆ.

ಕೋಶವೊಂದು ಎರಡಾಗುವ ಮೊದಲು ತನ್ನ ವರ್ಣತಂತುಗಳನ್ನು ನಕಲು ಮಾಡಿಕೊಂಡು ನಡುವೆ ಸಾಲಾಗಿ ನಿಲ್ಲಿಸುತ್ತದೆ. ಆಮೇಲೆ ಎರಡು ಧ್ರುವಗಳಿಂದ ಹೊರಟ ಸೂಕ್ಷ್ಮನಾಳಗಳು ಅವನ್ನು ಹಿಡಿದು, ಅರ್ಧವನ್ನು ಆಚೆಗೂ ಅರ್ಧವನ್ನು ಈಚೆಗೂ ಎಳೆಯುತ್ತವೆ. ಈ ನಾಳಗಳು ಟ್ಯೂಬುಲಿನ್ ಎಂಬ ಪ್ರೋಟೀನಿನ ತುಣುಕುಗಳು ಒಂದಕ್ಕೊಂದು ಜೋಡಣೆಯಾಗಿ ಆದಂಥವು. ವಿನ್‌ಕ್ರಿಸ್ಟೀನ್ ಆ ತುಣುಕುಗಳಿಗೆ ಅಂಟಿಕೊಂಡು ಜೋಡಣೆಯನ್ನು ತಡೆಯುತ್ತದೆ. ಎಳೆಯುವ ಹಗ್ಗವೇ ಇಲ್ಲದೆ ವರ್ಣತಂತುಗಳು ನಡುವೆಯೇ ಉಳಿಯುತ್ತವೆ, ಕೋಶ ಅರ್ಧ ವಿಭಜನೆಯಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಮದ್ದಿಗೆ ಕ್ಯಾನ್ಸರಿನ ಗುರುತೇನೂ ಇಲ್ಲ; ಅದಕ್ಕೆ ಗೊತ್ತಿರುವುದು ವಿಭಜನೆಯ ಹೊತ್ತಿನಲ್ಲಿರುವ ಕೋಶ ಮಾತ್ರ. ಅಡ್ಡಪರಿಣಾಮಗಳ ಕಥೆಯೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಆರೋಗ್ಯವಂತ ದೇಹದಲ್ಲಿ ಬಿಡುವಿಲ್ಲದೆ ವಿಭಜನೆಯಾಗುವುದು ಕರುಳಿನ ಒಳಪದರ, ಮೂಳೆಯ ಮಜ್ಜೆ ಮತ್ತು ಕೂದಲಿನ ಬುಡ. ಕರುಳಿನ ಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವುದರಿಂದ ಮದ್ದು ಬಿದ್ದ ಎರಡರಿಂದ ಐದು ದಿನಗಳೊಳಗೆ ವಾಂತಿ, ಭೇದಿ, ಊಟ ಬೇಡವೆನ್ನುವುದು ಕಾಣಿಸಬಹುದು. ಮಜ್ಜೆಯಲ್ಲಿ ಹೊಸ ಬಿಳಿ ರಕ್ತಕಣಗಳ ಹುಟ್ಟು ನಿಂತರೂ ಈಗಾಗಲೇ ತಯಾರಾಗಿ ಕೂತವು ಕೆಲವು ದಿನ ನಡೆಸಿಕೊಡುತ್ತವೆ. ಹಾಗಾಗಿ ರಕ್ತದಲ್ಲಿ ಅವುಗಳ ಸಂಖ್ಯೆ ತಳ ಮುಟ್ಟುವುದು ವಾರದ ಹೊತ್ತಿಗೆ. ಆ ದಿನಗಳಲ್ಲಿ ನಾಯಿ ಮಂಕಾಗಿ ಮಲಗಿ, ಮೈ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಾಳೆ ನೋಡೋಣ ಎನ್ನಬಾರದು. ಸೋಂಕನ್ನು ತಡೆಯುವ ಕಣಗಳಿಲ್ಲದ ದೇಹಕ್ಕೆ ಒಂದು ರಾತ್ರಿಯೂ ಹೆಚ್ಚು. ಉಣ್ಣಿಯ ಕಾಟವಿರುವ ನಮ್ಮ ಕಡೆ ಇನ್ನೊಂದು ಎಚ್ಚರವೂ ಬೇಕು. ಉಣ್ಣಿಜ್ವರ ತಾನಾಗಿಯೇ ರಕ್ತಕಣಗಳನ್ನು ಕಡಿಮೆ ಮಾಡುವುದರಿಂದ, ಮೊದಲ ಚುಚ್ಚುಮದ್ದಿಗೆ ಮುನ್ನವೇ ರಕ್ತಪರೀಕ್ಷೆ ಮಾಡಿಸದಿದ್ದರೆ ತಪ್ಪು ಉಣ್ಣಿಜ್ವರದ್ದೋ ಮದ್ದಿನದ್ದೋ ಎಂದು ಆಮೇಲೆ ತಿಳಿಯುವುದಿಲ್ಲ.

ಕೂದಲಿನ ವಿಷಯದಲ್ಲಿ ನಾಯಿ ಪುಣ್ಯವಂತ. ಮನುಷ್ಯರ ತಲೆಗೂದಲಿನ ಬಹುಪಾಲು ಯಾವಾಗಲೂ ಬೆಳೆಯುತ್ತಲೇ ಇರುತ್ತದೆ, ಹೆಚ್ಚಿನ ನಾಯಿಗಳ ರೋಮ ಒಂದು ಉದ್ದಕ್ಕೆ ಬಂದು ವಿಶ್ರಾಂತಿಯಲ್ಲಿರುತ್ತದೆ. ಬೆಳೆಯದ ಕೂದಲಿನ ಬುಡದಲ್ಲಿ ಮದ್ದಿಗೆ ಕೆಲಸವಿಲ್ಲ. ಪೂಡಲ್‌ನಂತೆ ಸದಾ ಕತ್ತರಿಸಬೇಕಾಗುವ ರೋಮದ ತಳಿಗಳಲ್ಲಿ ಅದು ಉದುರುವುದುಂಟು, ಬೆಕ್ಕುಗಳು ಮೀಸೆ ಕಳೆದುಕೊಳ್ಳುತ್ತವೆ.

ವಿಭಜನೆಯೇ ಆಗದ ನರಕೋಶಕ್ಕೂ ವಿನ್‌ಕ್ರಿಸ್ಟೀನ್ ತೊಂದರೆ ಕೊಡುವುದು ಮೊದಲಿಗೆ ಒಗಟಿನಂತೆ ಕಾಣುತ್ತದೆ. ನರದ ಉದ್ದನೆಯ ಬಾಲದೊಳಗೆ ಸಾಮಾನು ಸಾಗುವುದು ಇದೇ ಸೂಕ್ಷ್ಮನಾಳಗಳ ಹಳಿಗಳ ಮೇಲೆ. ಹಳಿ ಕಿತ್ತರೆ ಸಾಗಾಟ ನಿಲ್ಲುತ್ತದೆ. ಕೆಲವು ನಾಯಿಗಳಲ್ಲಿ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆಯಾಗುವುದು, ಅಪರೂಪಕ್ಕೆ ಹಿಂಗಾಲು ಬಲಹೀನವಾಗುವುದು ಇದರಿಂದ. ನಮ್ಮ ನಾಯಿಗೆ ಎರಡನೆಯ ಸುತ್ತಿನ ನಂತರ ಎರಡು ದಿನ ಹೊಟ್ಟೆ ಕಟ್ಟಿತು, ಗಂಜಿಯನ್ನು ಮೂಸಿ ಬಿಟ್ಟಿತು. ಮೂರನೆಯ ದಿನ ಎಂದಿನಂತೆ ಅಡಿಕೆ ಅಂಗಳದಲ್ಲಿ ಕಾಗೆಗಳನ್ನು ಅಟ್ಟಿತು.

ಮನುಷ್ಯರಿಗಿಂತ ಪ್ರಾಣಿಗಳು ಈ ಮದ್ದುಗಳನ್ನು ಚೆನ್ನಾಗಿ ತಡೆದುಕೊಳ್ಳುತ್ತವೆಂದು ತೋರುವುದಕ್ಕೆ ಮುಖ್ಯ ಕಾರಣ ಪ್ರಮಾಣ. ಪಶುವೈದ್ಯರು ಬೇಕೆಂದೇ ಕಡಿಮೆ ಪ್ರಮಾಣವನ್ನು ಆರಿಸುತ್ತಾರೆ. ನಾಳೆಯ ಹತ್ತು ವರ್ಷಗಳಿಗಾಗಿ ಇಂದಿನ ಆರು ತಿಂಗಳು ನರಳೋಣವೆಂದು ನಾಯಿ ಒಪ್ಪಿಗೆ ಕೊಡಲಾರದು. ಆದ್ದರಿಂದ ಅದರ ಇಂದಿನ ನೆಮ್ಮದಿಗೇ ಮೊದಲ ಸ್ಥಾನ. ದುಗ್ಧರಸ ಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾಕ್ಕೆ ನಾಲ್ಕು ಮದ್ದುಗಳನ್ನು ಸೇರಿಸಿ ಕೊಟ್ಟಾಗ ನಾಯಿಗಳಿಗೆ ದೊರೆಯುವುದು ಸಾಮಾನ್ಯವಾಗಿ ಸುಮಾರು ಒಂದು ವರ್ಷ, ವಾಸಿಯಾಗುವುದು ವಿರಳ. ಆದರೆ ಆ ವರ್ಷದ ಹೆಚ್ಚಿನ ದಿನಗಳು ಒಳ್ಳೆಯ ದಿನಗಳು. ಪ್ರಮಾಣವನ್ನು ಲೆಕ್ಕ ಹಾಕುವುದು ಮೈಯ ಮೇಲ್ಮೈ ವಿಸ್ತೀರ್ಣದಿಂದ. 12 ಕಿಲೋ ತೂಕದ ನಾಯಿಯದ್ದು ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ಬೇಕಾದ ವಿನ್‌ಕ್ರಿಸ್ಟೀನ್ ಸುಮಾರು ಕಾಲು ಮಿಲಿಗ್ರಾಂ. ಇಷ್ಟೇ ಮದ್ದು ರಕ್ತನಾಳ ತಪ್ಪಿ ಪಕ್ಕದ ಮಾಂಸಕ್ಕೆ ಸೋರಿದರೆ ಅಲ್ಲಿಯ ಚರ್ಮವೇ ಕೊಳೆತು ಹುಣ್ಣಾಗುವುದರಿಂದ, ಸೂಜಿ ಹಾಕುವಾಗ ನಾಯಿಯನ್ನು ಅಲುಗಾಡದಂತೆ ಹಿಡಿಯುವವರ ಕೆಲಸ ಕಡಿಮೆಯದ್ದಲ್ಲ.

ಒಂದು ಪ್ರಾಣಿಗೆ ಹೊಂದಿದ ಮದ್ದು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದನ್ನು ನಾಯಿಗೆ ಕೊಡಬಹುದು, ಅದೇ ಮದ್ದು ಬೆಕ್ಕಿನ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ನಾಯಿಯ ಹೃದಯದ ಸ್ನಾಯುವನ್ನು, ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಬಲ್ಲದು. ಕಾಲೀ ತಳಿಯ ಅನೇಕ ನಾಯಿಗಳಲ್ಲಿ ಮದ್ದನ್ನು ಕೋಶದಿಂದ ಹೊರದೂಡುವ ಪಂಪಿನ ಜೀನ್ ದೋಷಪೂರಿತವಾಗಿರುವುದರಿಂದ ಸಾಮಾನ್ಯ ಪ್ರಮಾಣವೂ ಅವಕ್ಕೆ ಅತಿಯಾಗುತ್ತದೆ.

ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಈ ನೆಲದ ಜನರಿಗೆ ವಿಷವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೀಮೋ ಮದ್ದೂ ವಿಷವೇ. ಆದರೆ ತೂಗಿ, ಅಳೆದು, ರಕ್ತ ಪರೀಕ್ಷಿಸಿ ಕೊಡುವ ವಿಷ. ಚುಚ್ಚುಮದ್ದಿನ ನಂತರ ಎರಡು ಮೂರು ದಿನ ನಾಯಿಯ ಮಲಮೂತ್ರದಲ್ಲಿ ಅದರ ಅಂಶ ಹೊರಬರುವುದರಿಂದ ಕೈಗವಸು ಹಾಕಿಯೇ ತೆಗೆಯಬೇಕು, ಮಕ್ಕಳು ಮತ್ತು ಗರ್ಭಿಣಿಯರು ದೂರವಿರಬೇಕು, ಬಾವಿಕಟ್ಟೆಯ ಬಳಿ ನಾಯಿಯನ್ನು ಕಟ್ಟಬಾರದು. ಹಾಲು ಕರೆಯುವ ಹಸುವಿಗೆ ಇಂಥ ಚಿಕಿತ್ಸೆ ಮಾಡಿದರೆ ಮದ್ದು ಮನೆಯವರ ಲೋಟಕ್ಕೇ ಬರುವ ಅಪಾಯವಿದೆ.

ನಾಲ್ಕನೆಯ ವಾರ ನಮ್ಮ ನಾಯಿಯ ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ಕ್ಕಿಂತ ಕೆಳಗಿಳಿದಿದ್ದವು. ವೈದ್ಯರು ಚುಚ್ಚುಮದ್ದನ್ನು ಕೆಲವು ದಿನ ಮುಂದೂಡಿದರು. ಗೆಡ್ಡೆ ಆಗಲೇ ಕಣ್ಣಿಗೆ ಕಾಣದಷ್ಟು ಕರಗಿತ್ತು. ಇನ್ನು ಸಾಕೆಂದು ಮನೆಯಲ್ಲಿ ಎಲ್ಲರಿಗೂ ಅನ್ನಿಸಿತ್ತು. ಕಾಣದ ಕೋಶಗಳು ಇನ್ನೂ ಉಳಿದಿರಬಹುದೆಂದು ವೈದ್ಯರು ವಿವರಿಸಿದ ಮೇಲೆ, ಮಳೆ ಬಿಟ್ಟ ಒಂದು ಬೆಳಿಗ್ಗೆ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಉಳಿದ ಎರಡು ಸುತ್ತುಗಳಲ್ಲಿ ಮೊದಲನೆಯದನ್ನು ಹಾಕಿಸಿಕೊಂಡು ಬಂದೆವು.