ಪ್ರಶ್ನೆಪತ್ರಿಕೆಗೆ ಹಾಕಿದ ಪುಟ್ಟ ಗ್ರಾಫ್ ಪ್ರಿಂಟಿನಲ್ಲಿ ಯಾಕೆ ಕೆಡುತ್ತದೆ?

ಪ್ರಶ್ನೆ: ಹತ್ತನೇ ತರಗತಿಯ ಗಣಿತ ಪತ್ರಿಕೆಗೆ ಜಿಯೋಜೀಬ್ರ ಎಂಬ ಗಣಿತ ತಂತ್ರಾಂಶದಲ್ಲಿ ಪರವಲಯ ಬರೆದು, ಸ್ಕ್ರೀನ್‌ಶಾಟ್ ತೆಗೆದು ವರ್ಡ್‌ಗೆ ಅಂಟಿಸುತ್ತೇನೆ. ಸ್ಕ್ರೀನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪ್ರಶ್ನೆಯ ಪಕ್ಕದಲ್ಲಿ ಕೂರುವಷ್ಟು ಚಿಕ್ಕದು ಮಾಡಿದರೆ ಅಂಕಿಗಳು ಇರುವೆ ಸಾಲಿನಂತಾಗುತ್ತವೆ, ಜೆರಾಕ್ಸ್ ಆದಮೇಲಂತೂ ಏನೂ ತಿಳಿಯುವುದಿಲ್ಲ. ಏನು ಮಾಡಬೇಕು?

ಉತ್ತರ: ಇಂಥ ಕಡೆ ಎಲ್ಲರೂ ಮೊದಲು ಬೈಯುವುದು ಸ್ಕ್ರೀನ್‌ಶಾಟನ್ನು. ಅದರ ತಪ್ಪೂ ಇದೆ, ಆದರೆ ಅರ್ಧ ಮಾತ್ರ. ಪುಟದ ಅಗಲಕ್ಕೆ, ಅಂದರೆ ಸುಮಾರು 16 ಸೆಂ.ಮೀ.ಗೆ ಬರೆದ ಚಿತ್ರವನ್ನು 4 ಸೆಂ.ಮೀ.ಗೆ ಎಳೆದರೆ ಗೆರೆ ಮಾತ್ರವಲ್ಲ, ಅಕ್ಷರವೂ ಕಾಲು ಭಾಗಕ್ಕೆ ಇಳಿಯುತ್ತದೆ. 12 ಪಾಯಿಂಟ್ ಇದ್ದದ್ದು 3 ಪಾಯಿಂಟ್ ಆಗುತ್ತದೆ. ಅದನ್ನು ಯಾವ ಪ್ರಿಂಟರೂ ಓದಿಸಲಾರದು. ಹಾಗಾಗಿ ಕಾಗದದ ಮೇಲೆ ಗ್ರಾಫ್ ಎಷ್ಟು ಸೆಂಟಿಮೀಟರ್ ಇರಬೇಕು ಎಂಬುದನ್ನು ಬರೆಯುವ ಮೊದಲೇ ತೀರ್ಮಾನಿಸಿ, ಆ ಅಳತೆಗೇ ಬರೆಯಬೇಕು.

ಒಂದು ಗ್ರಾಫ್ ಹಿಡಿದು ನೋಡೋಣ: ವೈ = ಎಕ್ಸ್² − 2ಎಕ್ಸ್ − 3. ಶೂನ್ಯತೆಗಳು, ಅಂದರೆ ರೇಖೆ ಎಕ್ಸ್ ಅಕ್ಷವನ್ನು ದಾಟುವ ಜಾಗಗಳು, −1 ಮತ್ತು 3; ಶೃಂಗ, ಅಂದರೆ ತೀರಾ ಕೆಳಗಿನ ಬಿಂದು, (1, −4). ವಕ್ರರೇಖೆಯನ್ನು −2ರಿಂದ 4ರವರೆಗೆ ಬರೆದರೆ ಸಾಕು, ಎರಡೂ ತುದಿ 5ರ ಎತ್ತರಕ್ಕೆ ಬರುತ್ತವೆ. ಅಂಚು ಬಿಟ್ಟು ಎಕ್ಸ್ ಅಕ್ಷ −3ರಿಂದ 5, ವೈ ಅಕ್ಷ −5ರಿಂದ 6 ಇರಲಿ. ಅಂದರೆ 8 ಮಾನ ಅಗಲ, 11 ಮಾನ ಎತ್ತರ. 1 ಮಾನಕ್ಕೆ 0.5 ಸೆಂ.ಮೀ. ಕೊಟ್ಟರೆ ಚಿತ್ರ 4 × 5.5 ಸೆಂ.ಮೀ. ಪ್ರಶ್ನೆಯ ಬಲಗಡೆ ಸಲೀಸಾಗಿ ಕೂರುತ್ತದೆ.

ಈಗ ಅಕ್ಷರದ ಲೆಕ್ಕ. ಜಿಯೋಜೀಬ್ರದ ಮಾಮೂಲಿ ನೋಟದಲ್ಲಿ 1 ಮಾನ ಎಂದರೆ ಸ್ಕ್ರೀನಿನ 50 ಪಿಕ್ಸೆಲ್. ಅದು ಕಾಗದದಲ್ಲಿ 0.5 ಸೆಂ.ಮೀ. ಆಗಲಿದೆ. 12ರ ಫಾಂಟ್ ಇಟ್ಟಿದ್ದರೆ ಕಾಗದಕ್ಕೆ ಬರುವುದು 0.12 ಸೆಂ.ಮೀ., ಸುಮಾರು ಮೂರೂವರೆ ಪಾಯಿಂಟ್. ಅದನ್ನೇ 28ಕ್ಕೆ ಏರಿಸಿದರೆ 0.28 ಸೆಂ.ಮೀ., ಹೆಚ್ಚುಕಡಿಮೆ 8 ಪಾಯಿಂಟ್. ಫಾಂಟ್ ಸೈಜ್ ಮೆನುವಿನಲ್ಲಿ 28 ಇದ್ದೇ ಇದೆ. ಸ್ಕ್ರೀನಿನಲ್ಲಿ ಅಂಕಿಗಳು ಒರಟಾಗಿ, ಅತಿಯಾಗಿ ಕಾಣುತ್ತವೆ. ಕಾಣಲಿ ಬಿಡಿ, ಮಕ್ಕಳು ನೋಡುವುದು ಕಾಗದವನ್ನು. ಗೆರೆಗೂ ಇದೇ ಲೆಕ್ಕ: ಅಕ್ಷಗಳ ಸೆಟ್ಟಿಂಗ್‌ನಲ್ಲಿ ಬೋಲ್ಡ್ ಟಿಕ್ ಮಾಡಿ, ವಕ್ರರೇಖೆಯ ದಪ್ಪ 7 ಅಥವಾ 8 ಇಡಿ. ಬಣ್ಣ ಬೇಡ, ಎರಡೂ ಕಪ್ಪೇ ಇರಲಿ. ಹಿನ್ನೆಲೆಯ ಬೂದು ಚೌಕಗಳು ಜೆರಾಕ್ಸಿನಲ್ಲಿ ಒಂದೋ ಮಾಯವಾಗುತ್ತವೆ, ಇಲ್ಲವೇ ಚುಕ್ಕೆಚುಕ್ಕೆಯಾಗಿ ಬೀಳುತ್ತವೆ. ಬಿಂದುಗಳನ್ನು ಎಣಿಸಿ ಓದುವ ಪ್ರಶ್ನೆ ಅಲ್ಲದಿದ್ದರೆ ಅವನ್ನು ತೆಗೆದುಬಿಡಿ.

ಅಂಕಿಗಳ ಜಾಗವೇ ನಿಜವಾದ ತಲೆನೋವು. −1ರ ಬಳಿ ಈ ರೇಖೆ ಕಡಿದಾಗಿ ಕೆಳಗಿಳಿಯುತ್ತದೆ; ತಂತ್ರಾಂಶ ತಾನಾಗಿ ಬರೆದ −1 ಅಕ್ಷದ ಕೆಳಗೆ ಸರಿಯಾಗಿ ಅದೇ ದಾರಿಯಲ್ಲಿ ನಿಂತಿರುತ್ತದೆ, ರೇಖೆ ಅದರ ಮೇಲೇ ಹಾದುಹೋಗುತ್ತದೆ. 3ರ ಗತಿಯೂ ಅದೇ. ವೈ ಅಕ್ಷದ ಎಡಗಡೆಯ −1, −2 ಕೂಡ ಹೊಡೆತಕ್ಕೆ ಸಿಗುತ್ತವೆ. ಪರೀಕ್ಷೆಯಲ್ಲಿ ಮಕ್ಕಳು ಓದಬೇಕಾದ ಅಂಕಿಗಳೇ ಕೆಡುವುದು ಹೀಗೆ. ಎರಡೂ ಅಕ್ಷಗಳ ತಾನಾಗಿ ಬರುವ ಅಂಕಿಗಳನ್ನು ಆಫ್ ಮಾಡಿ, ಗುರುತಿನ ಗೀಟುಗಳನ್ನು ಮಾತ್ರ ಉಳಿಸಿಕೊಳ್ಳಿ. ಆಮೇಲೆ ಟೆಕ್ಸ್ಟ್ ಉಪಕರಣದಿಂದ ಬೇಕಾದ ಅಂಕಿಗಳನ್ನಷ್ಟೇ ಕೈಯಾರೆ ಇಡಿ: −1 ಅನ್ನು ಛೇದನ ಬಿಂದುವಿನ ಎಡಕ್ಕೆ ಸರಿಸಿ, 3 ಅನ್ನು ಬಲಕ್ಕೆ. ಎರಡೂ ಪರವಲಯದ ಹೊರಗೆ ಬರುತ್ತವೆ. ಟೆಕ್ಸ್ಟ್ ಪೆಟ್ಟಿಗೆಯಲ್ಲಿ ಲೇಟೆಕ್ಸ್ ಫಾರ್ಮುಲಾ ಟಿಕ್ ಮಾಡಿದರೆ ಋಣ ಚಿಹ್ನೆ ಪೂರ್ತಿ ಉದ್ದಕ್ಕೆ ಬರುತ್ತದೆ. ಬರೀ ಹೈಫನ್ ಆದರೆ ಈ ಅಳತೆಯಲ್ಲಿ ಧೂಳಿನ ಕಣ ಅನ್ನಿಸುತ್ತದೆ.

ಕನ್ನಡ ಪದಗಳನ್ನು ಚಿತ್ರದೊಳಗೆ ಹಾಕದಿರುವುದೇ ಕ್ಷೇಮ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಕಲೇಬೇಕಿದ್ದರೆ ಯುನಿಕೋಡ್‌ನಲ್ಲಿ ಹಾಕಿ. ಇಲ್ಲದಿದ್ದರೆ ಚಿತ್ರದ ಕೆಳಗೆ ವರ್ಡ್‌ನಲ್ಲೇ ಬರೆಯಿರಿ.

ಹೊರತೆಗೆಯುವುದು ಹೀಗೆ. ಎರಡು ಬಿಂದುಗಳನ್ನು ಮಾಡಿ, (−3, −5) ಮತ್ತು (5, 6). ಅವಕ್ಕೆ ಎಕ್ಸ್‌ಪೋರ್ಟ್_1, ಎಕ್ಸ್‌ಪೋರ್ಟ್_2 ಎಂದು ಇಂಗ್ಲಿಷಿನಲ್ಲಿ ಹೆಸರಿಡಿ, ಮೊದಲಕ್ಷರ ದೊಡ್ಡದಿರಲಿ. ಆಮೇಲೆ ಎರಡನ್ನೂ ಅಡಗಿಸಿ. ಆ ಆಯತದಷ್ಟೇ ಭಾಗ ಹೊರಬರುತ್ತದೆ, ಕತ್ತರಿಸುವ ಕೆಲಸ ತಪ್ಪುತ್ತದೆ. ಜಿಯೋಜೀಬ್ರ ಕ್ಲಾಸಿಕ್ 5ರಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಎಕ್ಸ್‌ಪೋರ್ಟ್ ಪೆಟ್ಟಿಗೆ ತೆರೆಯುತ್ತದೆ. ಪ್ರಮಾಣದಲ್ಲಿ 1 ಮಾನ = 0.5 ಸೆಂ.ಮೀ. ಕೊಡಿ. ವರ್ಡ್ 2019 ಅಥವಾ ಅದಕ್ಕಿಂತ ಹೊಸದು ಇದ್ದರೆ, ಇಲ್ಲವೇ ಲಿಬ್ರೆಆಫೀಸ್ ಇದ್ದರೆ ಎಸ್‌ವಿಜಿ (ಅಳತೆ ಬದಲಾದರೂ ಮಸುಕಾಗದ ಚಿತ್ರದ ಫೈಲ್) ಆರಿಸಿ; ಅಕ್ಷರಗಳನ್ನು ಆಕಾರಗಳಾಗಿ ಬದಲಿಸುವ ಆಯ್ಕೆಗೂ ಟಿಕ್ ಇರಲಿ, ಆಗ ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಹಳೆಯ ವರ್ಡ್ ಆದರೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಪಿಎನ್‌ಜಿ. ನಮ್ಮ ಚಿತ್ರ 945 × 1299 ಪಿಕ್ಸೆಲ್ ಆಗುತ್ತದೆ. ಜೆಪೆಗ್ ಬೇಡವೇ ಬೇಡ, ಗೆರೆಯ ಸುತ್ತ ಕೊಳೆ ಕೂರಿಸುತ್ತದೆ. ಸ್ಕ್ರೀನ್‌ಶಾಟಿನ ಉಳಿದರ್ಧ ತಪ್ಪು ಇಲ್ಲೇ ಇರುವುದು: ಓರೆ ಗೆರೆ ನುಣುಪಾಗಿ ಕಾಣಲೆಂದು ಸ್ಕ್ರೀನು ಅದರ ಅಂಚಿಗೆ ಬೂದು ಬಣ್ಣ ಸೇರಿಸುತ್ತದೆ. ಕಪ್ಪು ಶಾಯಿ ಮಾತ್ರ ಇರುವ ಪ್ರಿಂಟರ್ ಆ ಬೂದನ್ನು ಚುಕ್ಕೆಗಳಲ್ಲಿ ಮೂಡಿಸುವುದರಿಂದ ಗೆರೆ ಗರಗಸದ ಹಲ್ಲಿನಂತಾಗುತ್ತದೆ.

ವರ್ಡ್‌ನಲ್ಲಿ ಇನ್ಸರ್ಟ್, ಪಿಕ್ಚರ್ಸ್ ಮೂಲಕ ತನ್ನಿ. ಅಗಲ 4 ಸೆಂ.ಮೀ. ತೋರಿಸುತ್ತಿದೆಯೇ ನೋಡಿ, ಇಲ್ಲದಿದ್ದರೆ ಅಂಕಿ ಟೈಪ್ ಮಾಡಿ ಸರಿಪಡಿಸಿ, ಪಕ್ಕದ ಹಿಡಿಕೆ ಹಿಡಿದು ಎಳೆಯಬೇಡಿ. ಹಾಗೆ ಎಳೆದರೆ ವೃತ್ತ ಮೊಟ್ಟೆಯಾಗುತ್ತದೆ, ವೈ = ಎಕ್ಸ್ ರೇಖೆ 45 ಡಿಗ್ರಿ ಬಿಟ್ಟು ವಾಲುತ್ತದೆ. ಚಿತ್ರ ಇನ್ ಲೈನ್ ವಿತ್ ಟೆಕ್ಸ್ಟ್ ಆಗಿದ್ದರೆ ಪ್ರಶ್ನೆಯ ಜೊತೆಗೇ ಚಲಿಸುತ್ತದೆ. ಒಂದು ಎಡವಟ್ಟು ಇಲ್ಲಿ ಪದೇ ಪದೇ ಆಗುತ್ತದೆ: ಹೀಗೆ ಹಾಕಿದ ಚಿತ್ರ ಒಂದು ಸಾಲಿನಷ್ಟು ಪಟ್ಟಿಯಾಗಿ ಮಾತ್ರ ಕಾಣುತ್ತದೆ. ಚಿತ್ರ ಹಾಳಾಗಿರುವುದಿಲ್ಲ, ಆ ಪ್ಯಾರಾದ ಲೈನ್ ಸ್ಪೇಸಿಂಗ್ ಎಕ್ಸಾಕ್ಟ್ಲಿ ಎಂದಿರುತ್ತದೆ. ಸಿಂಗಲ್ ಮಾಡಿದ ತಕ್ಷಣ ಪೂರ್ತಿ ತೆರೆದುಕೊಳ್ಳುತ್ತದೆ. ಪಿಎನ್‌ಜಿ ಬಳಸುವವರು ಆಪ್ಷನ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಸೇವ್ ಮಾಡುವಾಗ ವರ್ಡ್ ಸದ್ದಿಲ್ಲದೆ ರೆಸಲ್ಯೂಶನ್ ಇಳಿಸುತ್ತದೆ. ಬಹು ಆಯ್ಕೆ ಪ್ರಶ್ನೆಗೆ ನಾಲ್ಕು ಗ್ರಾಫ್ ಬೇಕಾದರೆ ಗೆರೆಯಿಲ್ಲದ 2 × 2 ಟೇಬಲ್ ಮಾಡಿ, ಒಳಗಿರುವುದಕ್ಕೆ ತಕ್ಕಂತೆ ಕಾಲಂ ತಾನಾಗಿ ಹಿಗ್ಗುವ ಆಯ್ಕೆಯನ್ನು ತೆಗೆದುಬಿಡಿ.

ಎಕ್ಸೆಲ್‌ನಲ್ಲೇ ಬರೆಯಬಾರದೇ ಎಂದರೆ, ಬರೆಯಬಹುದು. ಲೈನ್ ಚಾರ್ಟ್ ಅಲ್ಲ, ಸ್ಕ್ಯಾಟರ್ ಆರಿಸಬೇಕು. ಲೈನ್ ಚಾರ್ಟ್ ಎಕ್ಸ್ ಬೆಲೆಗಳನ್ನು ಸಂಖ್ಯೆ ಎಂದು ನೋಡದೆ ಹೆಸರುಗಳಂತೆ ಸಮ ಅಂತರದಲ್ಲಿ ಜೋಡಿಸುತ್ತದೆ. ಓಜೀವ್‌ನಂಥ (ಸಂಚಿತ ಆವೃತ್ತಿಯ ವಕ್ರರೇಖೆ) ದತ್ತಾಂಶದ ನಕ್ಷೆಗೆ ಎಕ್ಸೆಲ್ ಒಳ್ಳೆಯದು. ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಬೇಕಾದ ಕಡೆ ಕೈ ಕೊಡುತ್ತದೆ.

ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಬೇಡ, ಪಿಡಿಎಫ್ ಕೊಡಿ. ಪ್ರಿಂಟ್ ಮಾಡುವಾಗ ಫಿಟ್ ಬಿಟ್ಟು ಆ್ಯಕ್ಚುವಲ್ ಸೈಜ್ ಆರಿಸಲು ಹೇಳಿ, ಇಲ್ಲದಿದ್ದರೆ ಅರ್ಧ ಸೆಂಟಿಮೀಟರ್ ಅರ್ಧ ಸೆಂಟಿಮೀಟರಾಗಿ ಉಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಪುಟದ ಫೋಟೊ ತೆಗೆದು ಕಳಿಸಬೇಡಿ, ಡಾಕ್ಯುಮೆಂಟ್ ಆಗಿಯೇ ಕಳಿಸಿ.