ಫಾರಂ ಕೋಳಿಯ ಹೊಟ್ಟೆಯೊಳಗಿನ ಲೆಕ್ಕ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದೇ ಬಡಾವಣೆಯ ಕೋಳಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ, ‘ಇದಕ್ಕೆಲ್ಲ ಹಾರ್ಮೋನ್ ಇಂಜೆಕ್ಷನ್ ಕೊಟ್ಟಿರ್ತಾರಂತೆ’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹಾಗೆಂದವರೂ ಒಂದು ಕೆಜಿ ಕಟ್ಟಿಸಿಕೊಂಡೇ ಹೋಗುತ್ತಾರೆ. ಅನುಮಾನ ಸಹಜವೇ. ಹುಟ್ಟಿದ ದಿನ ಸುಮಾರು 40 ಗ್ರಾಂ ತೂಗುವ ಬ್ರಾಯ್ಲರ್ ಮರಿ ಆರು ವಾರ ತುಂಬುವ ಮೊದಲೇ ಎರಡು ಕೆಜಿ ದಾಟುತ್ತದೆ. ಆದರೆ ಐದು ಸಾವಿರ ಕೋಳಿಗಳಿರುವ ಶೆಡ್ಡಿನಲ್ಲಿ ಒಂದೊಂದನ್ನೂ ದಿನವೂ ಹಿಡಿದು ಸೂಜಿ ಚುಚ್ಚುವುದು ಆಗುಹೋಗುವ ಕೆಲಸವಲ್ಲ. ಬೆಳವಣಿಗೆಯ ಹಾರ್ಮೋನನ್ನು ಆಹಾರದಲ್ಲಿ ಬೆರೆಸಿದರೂ, ಅದು ಪ್ರೋಟೀನ್ ಆದ್ದರಿಂದ, ಕಾಳಿನ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ.

ಆ ವೇಗ ಬಂದಿರುವುದು ಮುಖ್ಯವಾಗಿ ತಳಿಯಿಂದ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 1957 ಮತ್ತು 1978ರ ಕಾಲದಿಂದ ಬದಲಾಗದಂತೆ ಕಾಪಾಡಿಕೊಂಡಿದ್ದ ಎರಡು ತಳಿಗಳನ್ನೂ 2005ರ ಒಂದು ವಾಣಿಜ್ಯ ತಳಿಯನ್ನೂ ಒಂದೇ ಆಹಾರ ಕೊಟ್ಟು ಸಾಕಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. 56ನೇ ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು.

ಹಾಗಾದರೆ ಫೀಡಿಗೆ ಬೆರೆಸುವ ಪುಡಿ, ದ್ರವಗಳಿಂದ ಆಗುವುದೇನು? ಕೋಳಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಫೀಡಿಗೇ ಹೋಗುತ್ತದೆ. ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಫೀಡ್ ಬೇಕಾಯಿತು ಎಂಬ ಲೆಕ್ಕವನ್ನು ಸಾಕುವವರು ಎಫ್‌ಸಿಆರ್ ಎನ್ನುತ್ತಾರೆ. ಅದು 1.60ರಿಂದ 1.55ಕ್ಕೆ ಇಳಿದರೆ ಎರಡು ಕೆಜಿಯ ಕೋಳಿಗೆ ಉಳಿಯುವುದು ಬರೀ 100 ಗ್ರಾಂ. ಐದು ಸಾವಿರ ಕೋಳಿಗಳ ಬ್ಯಾಚಿಗೆ ಅದೇ 50 ಕೆಜಿಯ ಹತ್ತು ಮೂಟೆ. ಸೇರ್ಪಡೆಗಳ ವ್ಯಾಪಾರವೆಲ್ಲ ನಡೆಯುವುದು ಈ ಹತ್ತು ಮೂಟೆಗಾಗಿ.

ಇವುಗಳಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಫೈಟೇಸ್ ಎಂಬ ಕಿಣ್ವ. ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವಷ್ಟು ಕಿಣ್ವ ಕೋಳಿಯ ಕರುಳಿನಲ್ಲಿಲ್ಲದ ಕಾರಣ, ಕಣ್ಣೆದುರಿಗೇ ಇರುವ ರಂಜಕ ಹಿಕ್ಕೆಯಲ್ಲಿ ಹೊರಹೋಗಿ, ಮೂಳೆಗೆ ಬೇಕಾದ ರಂಜಕವನ್ನು ಖನಿಜದ ಪುಡಿಯಾಗಿ ಬೇರೆ ಕೊಳ್ಳಬೇಕಾಗುತ್ತದೆ. ಫೈಟೇಸ್ ಬೆರೆಸಿದರೆ ಆ ಖರ್ಚೂ ಇಳಿಯುತ್ತದೆ, ಗೊಬ್ಬರದ ಮೂಲಕ ಹೊಲ, ಕೆರೆ ಸೇರುವ ರಂಜಕವೂ ಇಳಿಯುತ್ತದೆ. ಮೆಥಿಯೋನಿನ್ ಸೇರಿಸುವುದೂ ಇಂಥದೇ ಲೆಕ್ಕ: ಜೋಳ-ಸೋಯಾ ಆಹಾರದಲ್ಲಿ ಮೊದಲು ಕೊರತೆಯಾಗುವ ಅಮೈನೋ ಆಮ್ಲ ಅದು.

ವಿವಾದದ್ದು ಪ್ರತಿಜೈವಿಕಗಳ, ಅಂದರೆ ಆಂಟಿಬಯಾಟಿಕ್‌ಗಳ ಕಥೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಬಿ12 ಜೀವಸತ್ವದ ಮೂಲಕ್ಕಾಗಿ, ಆರಿಯೋಮೈಸಿನ್ ಎಂಬ ಪ್ರತಿಜೈವಿಕದ ತಯಾರಿಕೆಯಲ್ಲಿ ಉಳಿದ ಚರಟವನ್ನು ಮರಿಗಳಿಗೆ ತಿನ್ನಿಸಿದಾಗ, ಬಿ12 ಒಂದರಿಂದಲೇ ಆಗಲಾರದಷ್ಟು ಅವು ಬೆಳೆದವು. ಅಲ್ಲಿಂದ ರೋಗವಿಲ್ಲದ ಕೋಳಿಗೂ ದಿನನಿತ್ಯ ಚೂರು ಔಷಧಿ ಹಾಕುವುದು ಜಗತ್ತಿನಾದ್ಯಂತ ರೂಢಿಯಾಯಿತು. ಸೂಕ್ಷ್ಮಾಣುಗಳೇ ಇಲ್ಲದಂತೆ ಸಾಕಿದ ಮರಿಗಳಲ್ಲಿ ಮಾತ್ರ ಈ ಲಾಭ ಕಾಣಲಿಲ್ಲ. ಅಂದರೆ ಔಷಧಿ ಕೋಳಿಯನ್ನು ಬೆಳೆಸುತ್ತಿರಲಿಲ್ಲ, ಅದರ ಊಟದಲ್ಲಿ ಪಾಲು ಕೇಳುವ, ಕರುಳನ್ನು ಕೆರಳಿಸುವ ಜೀವಿಗಳನ್ನು ಹದ್ದುಬಸ್ತಿನಲ್ಲಿಡುತ್ತಿತ್ತು. ಹೀಗೆ ಅರೆಬರೆ ಔಷಧಿಗೆ ಪಳಗಿದ ಬ್ಯಾಕ್ಟೀರಿಯಾಗಳು ಮುಂದೆ ಮನುಷ್ಯರ ಚಿಕಿತ್ಸೆಗೂ ಬಗ್ಗುವುದಿಲ್ಲವೆಂಬ ಭಯದಿಂದ ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಅವನ್ನು ಬೆರೆಸುವುದನ್ನು ನಿಷೇಧಿಸಿದವು. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಅನ್ನು ಭಾರತ 2019ರಲ್ಲಿ ಪಶುಪಾಲನೆಯಿಂದ ಹೊರಗಿಟ್ಟಿತು.

ಆ ಜಾಗಕ್ಕೆ ಬಂದವು ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಾಣುಗಳು), ಸಾವಯವ ಆಮ್ಲ, ಗಿಡಮೂಲಿಕೆಯ ಎಣ್ಣೆಗಳು. ನಮ್ಮ ಓಮಕಾಳಿಗೆ ಘಮ ಕೊಡುವ ಥೈಮಾಲ್ ಕೂಡ ಅವುಗಳಲ್ಲೊಂದು. ಬೀಜಕ ಕಟ್ಟುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಬೇಡಿಕೆ, ಏಕೆಂದರೆ ಫೀಡನ್ನು ಒತ್ತಿ ಪೆಲೆಟ್ ಎಂಬ ಗುಳಿಗೆ ಮಾಡುವಾಗಿನ ಬಿಸಿಯನ್ನು ಅವು ತಾಳಿಕೊಳ್ಳುತ್ತವೆ. ಆದರೆ ಇವುಗಳ ಫಲ ಶೆಡ್ಡಿನಿಂದ ಶೆಡ್ಡಿಗೆ ಬದಲಾಗುತ್ತದೆ. ಚೊಕ್ಕಟವಾದ ಕಡೆ ಸರಿಪಡಿಸಲು ಹೆಚ್ಚೇನೂ ಇಲ್ಲದ್ದರಿಂದ ವ್ಯತ್ಯಾಸವೇ ಕಾಣದಿರಬಹುದು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಗೆಳೆಯರೊಬ್ಬರೊಂದಿಗೆ ದೊಡ್ಡಬಳ್ಳಾಪುರದ ಕಡೆಯ ಫಾರಂ ಒಂದಕ್ಕೆ ಹೋಗಿದ್ದೆ. ಯಾವ ಪ್ರೋಬಯಾಟಿಕ್ ಒಳ್ಳೆಯದೆಂದು ಮಾಲೀಕರು ಕೇಳಿದಾಗ ಅವರು ಬಗ್ಗಿ, ನೀರಿನ ಡ್ರಿಂಕರ್ ಕೆಳಗೆ ಹಾಸಿದ್ದ ಭತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು ಹಿಚುಕಿದರು. ಕೈ ಬಿಚ್ಚಿದಾಗ ಅದು ಉದುರದೆ ಉಂಡೆಯಾಗಿಯೇ ನಿಂತಿತು. ‘ಮೊದಲು ಈ ಪೈಪಿನ ಸೋರಿಕೆ ನಿಲ್ಲಿಸಿ ಸ್ವಾಮಿ, ಪುಡಿ ಆಮೇಲೆ ನೋಡೋಣ’ ಎಂದರು.